‘ರೀಸ್ಟೋರ್ಡ್’ ಅಂತ ಬರೆದ ಡಬ್ಬಿಯಲ್ಲಿ ಏನಿದೆ? ಸ್ಪಾಗೆಟಿ ವೆಸ್ಟರ್ನ್ ಡಿಸ್ಕ್ ಕೊಳ್ಳುವವರಿಗೆ

ಸೆರ್ಜಿಯೋ ಲಿಯೋನೆ ನಿರ್ದೇಶಿಸಿದ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಸಿನಿಮಾದ ಡಿಸ್ಕ್ ಕೊಳ್ಳಲು ಹೊರಟರೆ ಶುರುವಿನಲ್ಲೇ ತಲೆ ಕೆಡುತ್ತದೆ. ಒಂದು ಡಬ್ಬಿಯ ಮೇಲೆ 162 ನಿಮಿಷ ಅಂತಿದೆ, ಇನ್ನೊಂದರ ಮೇಲೆ 179. 2014ರ ಬ್ಲೂ-ರೇ ಹಾಕಿದರೆ ಊರು, ಧೂಳು, ಆಕಾಶ ಎಲ್ಲವೂ ಹಳದಿ. 2017ರದ್ದು ಹಾಕಿದರೆ ಆ ಹಳದಿ ಬಹುಪಾಲು ಕಡಿಮೆ. ಒಂದರಲ್ಲಿ ಕೇಳುವ ಪಿಸ್ತೂಲಿನ ಸದ್ದು ಇನ್ನೊಂದರಲ್ಲಿ ಇಲ್ಲ. ಆದರೂ ಎಲ್ಲ ಡಬ್ಬಿಗಳ ಮೇಲೂ ‘ರೀಸ್ಟೋರ್ಡ್’, ಅಂದರೆ ಹಳೆಯ ಸಿನಿಮಾವನ್ನು ಮೊದಲಿನ ಹಾಗೆ ಮಾಡಿದ್ದು, ಅಂತಲೇ ಬರೆದಿರುತ್ತಾರೆ. ಇವುಗಳಲ್ಲಿ ಯಾವುದು ನಿಜವಾದ ಸಿನಿಮಾ?

ಈ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಸ್ಪಾಗೆಟಿ ವೆಸ್ಟರ್ನ್‌ಗಳ ವಿಷಯದಲ್ಲಂತೂ ಸಿಗುವುದೇ ಇಲ್ಲ. ಇವು ಇಟಲಿಯವರು ಸ್ಪೇನಿನ ಬಯಲಿನಲ್ಲಿ ಅಮೆರಿಕದ ಕಥೆ ಹೇಳಿದ ಚಿತ್ರಗಳು. ಹಣ ಎರಡು ಮೂರು ದೇಶದ್ದು, ನಟರು ನಾಲ್ಕು ಭಾಷೆಯವರು. 1960 ಮತ್ತು 70ರ ದಶಕಗಳಲ್ಲಿ ಇಂಥ 500ಕ್ಕೂ ಹೆಚ್ಚು ಚಿತ್ರಗಳು ಬಂದವು. ಒಂದೊಂದು ದೇಶಕ್ಕೆ ಒಂದೊಂದು ಉದ್ದ, ಒಂದೊಂದು ದನಿ, ಕೆಲವಕ್ಕೆ ಒಂದೊಂದು ಕ್ಲೈಮ್ಯಾಕ್ಸ್ ಕೂಡ. ಹಾಗಾಗಿ ಇವುಗಳನ್ನು ರೀಸ್ಟೋರ್ ಮಾಡುವುದು ಅಂದರೆ ಬರೀ ಕೊಳೆ ತೆಗೆಯುವ ಕೆಲಸ ಆಗುವುದಿಲ್ಲ. ಯಾವ ನೆಗೆಟಿವ್, ಯಾವ ಉದ್ದ, ಯಾವ ಬಣ್ಣ, ಯಾವ ಸೌಂಡ್ ಅಂತ ಯಾರೋ ಒಬ್ಬರು ಹೆಜ್ಜೆ ಹೆಜ್ಜೆಗೂ ತೀರ್ಮಾನ ಮಾಡಬೇಕಾಗುತ್ತದೆ. ಆ ತೀರ್ಮಾನಗಳು ಗೊತ್ತಾದರೆ ಯಾವ ಡಿಸ್ಕ್ ಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಅರ್ಧ ಫಿಲ್ಮಿನಲ್ಲಿ ಪೂರ್ತಿ ಸಿನಿಮಾ

ಮೊದಲು ಕ್ಯಾಮೆರಾದ ಒಳಗೆ ಏನಿತ್ತು ಅಂತ ನೋಡೋಣ. ಮಿಕ್ಕಿದ್ದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

35 ಎಂಎಂ ಫಿಲ್ಮಿನ ಎರಡೂ ಅಂಚಿನಲ್ಲಿ ಸಾಲು ಸಾಲು ತೂತುಗಳಿರುತ್ತವೆ. ಸಾಮಾನ್ಯವಾಗಿ ಒಂದು ಫ್ರೇಮಿನ ಎತ್ತರ ನಾಲ್ಕು ತೂತುಗಳಷ್ಟು. ಅಗಲ ಪರದೆಯ ಸಿನಿಮಾ ಬೇಕಾದರೆ ಆಗ ವಿಶೇಷ ಲೆನ್ಸ್ ಹಾಕುತ್ತಿದ್ದರು. ಅದು ಅಗಲದ ದೃಶ್ಯವನ್ನು ಅಕ್ಕಪಕ್ಕದಿಂದ ಒತ್ತಿ ಆ ಫ್ರೇಮಿನೊಳಗೆ ಕೂರಿಸುತ್ತಿತ್ತು. ಥಿಯೇಟರಿನ ಪ್ರೊಜೆಕ್ಟರಿನಲ್ಲಿ ಇನ್ನೊಂದು ಲೆನ್ಸ್ ಅದನ್ನು ಮತ್ತೆ ಅಗಲ ಮಾಡುತ್ತಿತ್ತು. ಆ ಲೆನ್ಸ್‌ಗಳು ದುಬಾರಿ, ಭಾರ, ಬೆಳಕೂ ಜಾಸ್ತಿ ಬೇಕು.

ಟೆಕ್ನಿಕಲರ್ ಕಂಪನಿಯ ಇಟಲಿ ಶಾಖೆ 1960ರ ಹೊತ್ತಿಗೆ ಇದಕ್ಕೊಂದು ಅಗ್ಗದ ದಾರಿ ಕಂಡುಹಿಡಿಯಿತು. ಹೆಸರು ಟೆಕ್ನಿಸ್ಕೋಪ್. ಫ್ರೇಮಿನ ಎತ್ತರವನ್ನು ನಾಲ್ಕರಿಂದ ಎರಡು ತೂತಿಗೆ ಇಳಿಸಿದರು, ಅಷ್ಟೇ. ಎತ್ತರ ಅರ್ಧವಾದ್ದರಿಂದ ಫ್ರೇಮ್ ತಾನಾಗಿಯೇ ಅಗಲವಾಯಿತು. ಮಾಮೂಲಿ ಲೆನ್ಸ್ ಸಾಕಾಯಿತು. ಫಿಲ್ಮಿನ ಖರ್ಚು ಅರ್ಧಕ್ಕಿಳಿಯಿತು. ನಾಲ್ಕೂವರೆ ನಿಮಿಷಕ್ಕೆ ಮುಗಿಯುತ್ತಿದ್ದ 400 ಅಡಿ ರೀಲು ಒಂಬತ್ತು ನಿಮಿಷ ಓಡತೊಡಗಿತು. ಕೈಯಲ್ಲಿ ಕಾಸಿಲ್ಲದ, ಆದರೆ ದೊಡ್ಡ ಪರದೆಯ ಆಸೆಯಿದ್ದ ಇಟಲಿಯ ನಿರ್ಮಾಪಕರಿಗೆ ಇನ್ನೇನು ಬೇಕು?

ಇದರಲ್ಲಿ ಯಾರೂ ಲೆಕ್ಕ ಹಾಕದ ಲಾಭವೊಂದಿತ್ತು. ಮಾಮೂಲಿ ಲೆನ್ಸ್ ಆದ್ದರಿಂದ ಕ್ಯಾಮೆರಾವನ್ನು ಮುಖದ ತೀರಾ ಹತ್ತಿರ ಒಯ್ಯಬಹುದಿತ್ತು. ಹತ್ತಿರದ ಮುಖ, ದೂರದ ಬೆಟ್ಟ ಎರಡೂ ಒಟ್ಟಿಗೆ ಫೋಕಸ್‌ನಲ್ಲಿ ಇರುತ್ತಿದ್ದವು. ಲಿಯೋನೆಯ ಸಿನಿಮಾ ಅಂದ ಕೂಡಲೇ ನಮಗೆ ನೆನಪಾಗುವುದು ಪರದೆಯ ಆ ತುದಿಯಿಂದ ಈ ತುದಿಗೆ ಹರಡಿದ ಕಣ್ಣುಗಳು ತಾನೇ? ಆ ಶಾಟ್‌ಗಳ ಹಿಂದೆ ಈ ಅಗ್ಗದ ತಂತ್ರದ ಪಾಲೂ ಇದೆ.

ಆದರೆ ನಷ್ಟವೂ ಇತ್ತು. ಚಿತ್ರ ಮೂಡುವ ಜಾಗ ಅರ್ಧವಾದರೆ ಅದನ್ನು ಪರದೆಗೆ ಹಿಗ್ಗಿಸುವಾಗ ಫಿಲ್ಮಿನ ಕಣಗಳೂ, ಅಂದರೆ ಗ್ರೇನ್ ಕೂಡ, ದೊಡ್ಡದಾಗುತ್ತವೆ. ಆಗಿನ ಥಿಯೇಟರಿನಲ್ಲಿ ಇದು ಅಷ್ಟಾಗಿ ಕಾಣುತ್ತಿರಲಿಲ್ಲ. ಟೆಕ್ನಿಕಲರ್‌ನವರು ನೆಗೆಟಿವ್‌ನಿಂದ ನೇರವಾಗಿ ಮೂರು ಅಚ್ಚು ತೆಗೆದು, ಮೂರು ಬಣ್ಣಗಳನ್ನು ಒಂದರ ಮೇಲೊಂದು ಒತ್ತಿ ಪ್ರಿಂಟ್ ಮಾಡುತ್ತಿದ್ದರು. ನಡುವೆ ಇನ್ನೊಂದು ಕಾಪಿ ಬರುತ್ತಿರಲಿಲ್ಲ, ಹಾಗಾಗಿ ಪ್ರಿಂಟು ಚೊಕ್ಕವಾಗಿರುತ್ತಿತ್ತು. 1970ರ ದಶಕದಲ್ಲಿ ಆ ಮುದ್ರಣ ಘಟಕಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ಪ್ರಿಂಟ್ ಬೇಕಾದರೆ ನೆಗೆಟಿವ್‌ನಿಂದ ಒಂದು ಕಾಪಿ, ಆ ಕಾಪಿಯಿಂದ ಇನ್ನೊಂದು ಕಾಪಿ. ಪ್ರತಿ ಸಲವೂ ಗ್ರೇನ್ ಏರಿತು, ಬಣ್ಣ ಇಳಿಯಿತು.

ಟಿವಿಗೂ ವಿಡಿಯೊ ಕ್ಯಾಸೆಟ್‌ಗೂ ಹೋದದ್ದು ಬಹುಪಾಲು ಇಂಥ ಕಾಪಿಗಳೇ. ಅದರ ಮೇಲೆ ಇನ್ನೊಂದು ಕತ್ತರಿ. ಆಗಿನ ಟಿವಿ ಹೆಚ್ಚುಕಡಿಮೆ ಚೌಕ. ಎತ್ತರದ 2.35 ಪಾಲು ಅಗಲ ಇರುವ ಚಿತ್ರವನ್ನು 1.33ಕ್ಕೆ ಕತ್ತರಿಸಿದರೆ ಸುಮಾರು 43 ಶೇಕಡಾ ಚಿತ್ರ ಹೋಯಿತು ಅಂತ ಅರ್ಥ. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯ ಕೊನೆಗೆ ಸ್ಮಶಾನದಲ್ಲಿ ಮೂವರು ಎದುರುಬದುರು ನಿಂತ ದೃಶ್ಯದಲ್ಲಿ ಟಿವಿ ನೋಡಿದವರಿಗೆ ಕಂಡದ್ದು ಒಬ್ಬ, ಇಲ್ಲವೇ ಒಬ್ಬ ಮತ್ತು ಇನ್ನೊಬ್ಬನ ಭುಜ. ಸ್ಪಾಗೆಟಿ ವೆಸ್ಟರ್ನ್ ಅಂದರೆ ಕಳಪೆ, ಮಾಸಲು, ಅಡ್ಡಾದಿಡ್ಡಿ ಅನ್ನುವ ಹೆಸರು ಬಂದದ್ದರಲ್ಲಿ ಚಿತ್ರ ತೆಗೆದವರ ತಪ್ಪು ಎಷ್ಟು, ಕಾಪಿ ಮಾಡಿದವರ ತಪ್ಪು ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಬೇಕು. ನನ್ನ ಪ್ರಕಾರ ಎರಡನೆಯದೇ ಜಾಸ್ತಿ.

ಅಂದ ಹಾಗೆ, ಎಲ್ಲ ಸ್ಪಾಗೆಟಿ ವೆಸ್ಟರ್ನ್‌ಗಳೂ ಟೆಕ್ನಿಸ್ಕೋಪ್ ಅಲ್ಲ. ಸೆರ್ಜಿಯೋ ಕೊರ್ಬುಚಿಯ ‘ಜಾಂಗೊ’ (1966) 1.66 ಪಾಲಿನದು. ಅದು ನಿಮ್ಮ ಟಿವಿಯ ಎರಡೂ ಬದಿಯಲ್ಲಿ ಸಣ್ಣ ಕಪ್ಪು ಪಟ್ಟಿ ಬಿಟ್ಟು ಕೂತರೆ ಗಾಬರಿ ಬೇಡ. ಇರಬೇಕಾದದ್ದೇ ಹಾಗೆ.

ನೆಗೆಟಿವ್‌ನಿಂದ ಡಿಸ್ಕ್‌ವರೆಗೆ

ರೀಸ್ಟೋರೇಷನ್ ಶುರುವಾಗುವುದು ಹುಡುಕಾಟದಿಂದ. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಅದರಿಂದ ಮಾಡಿದ ಮೊದಲ ಕಾಪಿ, ಅದೂ ಇಲ್ಲದಿದ್ದರೆ ಎಲ್ಲೋ ಉಳಿದ ಥಿಯೇಟರ್ ಪ್ರಿಂಟ್. ಡಬ್ಬಿಯ ಹಿಂದೆ ‘ಮೂಲ ನೆಗೆಟಿವ್‌ನಿಂದ 4ಕೆ ಸ್ಕ್ಯಾನ್’ ಅಂತ ಬರೆದಿದ್ದರೆ ಅದಕ್ಕೆ ಬೆಲೆ ಇದೆ (4ಕೆ ಅಂದರೆ ಚಿತ್ರದ ಅಗಲಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕಿ). ಸುಮ್ನೆ ‘ಹೊಸ ಎಚ್‌ಡಿ ಮಾಸ್ಟರ್’ ಅಂತಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ನೆಗೆಟಿವ್ ಸಿಕ್ಕ ಮಾತ್ರಕ್ಕೆ ಕೆಲಸ ಸಲೀಸು ಅಂದುಕೊಳ್ಳಬೇಡಿ. ಟೆಕ್ನಿಸ್ಕೋಪ್‌ನಲ್ಲಿ ಎರಡು ಫ್ರೇಮುಗಳ ನಡುವಿನ ಗೆರೆ ತೀರಾ ಸಣ್ಣದು. ಎಡಿಟಿಂಗ್‌ನಲ್ಲಿ ಎರಡು ತುಂಡು ಅಂಟಿಸಿದಾಗ ಅಂಟು ಚಿತ್ರದೊಳಗೇ ಇಳಿಯುತ್ತದೆ. ಅದಕ್ಕೇ ಹಳೆಯ ಕಾಪಿಗಳಲ್ಲಿ ಪ್ರತಿ ಕಟ್‌ನಲ್ಲೂ ಚಿತ್ರ ಒಮ್ಮೆ ಕುಣಿದ ಹಾಗೆ ಕಾಣುವುದು. ಗೀರುಗಳಿಗೆ ಒಂದು ಜಾಣ ಉಪಾಯವಿದೆ. ಸ್ಕ್ಯಾನ್ ಮಾಡುವಾಗ ಫಿಲ್ಮನ್ನು ಒಂದು ದ್ರವದೊಳಗೆ ಹಾಯಿಸುತ್ತಾರೆ. ದ್ರವ ಗೀರಿನೊಳಗೆ ತುಂಬಿಕೊಳ್ಳುತ್ತದೆ. ಬೆಳಕು ಅಲ್ಲಿ ಚದುರದೆ ನೇರ ಹಾದುಹೋಗುವುದರಿಂದ ಗೀರು ಕಾಣುವುದೇ ಇಲ್ಲ. ಉಳಿದ ಧೂಳು, ಕಲೆ, ನಡುಕ ಇವನ್ನೆಲ್ಲ ಕಂಪ್ಯೂಟರಿನಲ್ಲಿ ಫ್ರೇಮ್ ಫ್ರೇಮಾಗಿ ಕೂತು ತೆಗೆಯುತ್ತಾರೆ. ಸೆಕೆಂಡಿಗೆ 24 ಫ್ರೇಮ್. ಎರಡೂವರೆ ಗಂಟೆಯ ಸಿನಿಮಾ ಅಂದರೆ ಎರಡು ಲಕ್ಷದ ಹದಿನಾರು ಸಾವಿರ.

ಇಲ್ಲೇ ಮೊದಲ ಜಗಳ ಶುರುವಾಗುವುದು. ಗ್ರೇನ್ ಕೊಳೆಯೋ, ಚಿತ್ರವೋ?

ಚಿತ್ರವೇ. ಫಿಲ್ಮಿನ ಮೇಲೆ ಮುಖ ಮೂಡುವುದೇ ಆ ಕಣಗಳಿಂದ. ಗ್ರೇನ್ ತೆಗೆದರೆ ಜೊತೆಗೆ ಗಡ್ಡದ ಕುರುಚಲು, ಬೆವರಿನ ಹನಿ, ಚರ್ಮದ ಸುಕ್ಕು ಎಲ್ಲ ಹೋಗುತ್ತದೆ. ಬೇರೆ ಸಿನಿಮಾಗಳಲ್ಲಿ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಇವುಗಳಲ್ಲಿ ಕಥೆ ನಡೆಯುವುದೇ ಮುಖಗಳ ಮೇಲೆ. ಸ್ಪೇನಿನ ಬಿಸಿಲಲ್ಲಿ ಸುಟ್ಟ ಆ ಮುಖಗಳನ್ನು ಸಾಫ್ಟ್‌ವೇರ್ ಹಾಕಿ ನುಣ್ಣಗೆ ಮಾಡಿದರೆ ಎಲ್ಲರೂ ಮೇಣದ ಗೊಂಬೆಗಳು. ಹತ್ತು ಹದಿನೈದು ವರ್ಷದ ಹಿಂದಿನ ಬ್ಲೂ-ರೇಗಳಲ್ಲಿ ಈ ಕಾಟ ಜಾಸ್ತಿ ಇತ್ತು. ಈಗಲೂ ಪೂರ್ತಿ ನಿಂತಿಲ್ಲ.

ಇದರ ಉಲ್ಟಾ ಸಮಸ್ಯೆಯೂ ಇದೆ. ಕೆಲವು ಹಳೆಯ ಸ್ಕ್ಯಾನ್‌ಗಳಲ್ಲಿ ಗ್ರೇನ್ ಥರ ಕಾಣುವುದು ನಿಜವಾಗಿ ಸ್ಕ್ಯಾನರ್ ಯಂತ್ರದ್ದೇ ಗದ್ದಲ, ಅಂದರೆ ಯಂತ್ರ ತಾನಾಗಿ ಸೇರಿಸಿದ ಚುಕ್ಕಿಗಳು. ಗುರುತಿಸುವುದು ಕಷ್ಟವಲ್ಲ. ಫಿಲ್ಮಿನ ಗ್ರೇನ್ ಪ್ರತಿ ಫ್ರೇಮಿಗೂ ಬದಲಾಗುತ್ತದೆ, ಕತ್ತಲು ಬೆಳಕಿಗೆ ತಕ್ಕಂತೆ ಏರುಪೇರಾಗುತ್ತದೆ. ಯಂತ್ರದ ಗದ್ದಲ ಚಿತ್ರಕ್ಕೆ ಸಂಬಂಧವೇ ಇಲ್ಲದ ಹಾಗೆ, ಗಾಜಿನ ಮೇಲೆ ಅಂಟಿಸಿದಂತೆ, ಎಲ್ಲ ಕಡೆಯೂ ಒಂದೇ ಥರ ಮಿಣುಕುತ್ತಿರುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಯಾಕೆ ನೋಡಬಾರದು ಅಂತ ಕೇಳುವವರಿಗೂ ಉತ್ತರ ಗ್ರೇನ್‌ನಲ್ಲೇ ಇದೆ. ವಿಡಿಯೊ ಫೈಲನ್ನು ಕುಗ್ಗಿಸುವ ಲೆಕ್ಕಾಚಾರ ನಡೆಯುವುದು ಹೀಗೆ: ಹಿಂದಿನ ಫ್ರೇಮಿನಲ್ಲಿ ಇದ್ದದ್ದೇ ಇಲ್ಲೂ ಇದ್ದರೆ ಮತ್ತೆ ಬರೆಯುವುದು ಬೇಡ. ಗ್ರೇನ್ ಪ್ರತಿ ಫ್ರೇಮಿಗೂ ಹೊಸದು. ಆದ್ದರಿಂದ ಪ್ರತಿ ಸಲವೂ ಬರೆಯಬೇಕು. 4ಕೆ ಸ್ಟ್ರೀಮಿಂಗ್‌ಗೆ ಸಾಮಾನ್ಯವಾಗಿ ಸಿಗುವುದು ಸೆಕೆಂಡಿಗೆ 15ರಿಂದ 25 ಮೆಗಾಬಿಟ್. ಮಾಮೂಲಿ ಬ್ಲೂ-ರೇಯಲ್ಲೇ ವಿಡಿಯೊಗೆ 40ರವರೆಗೆ ಜಾಗ ಇದೆ, 4ಕೆ ಡಿಸ್ಕ್‌ನಲ್ಲಿ 100ರ ಆಸುಪಾಸು. ಜಾಗ ಸಾಲದಿದ್ದಾಗ ಗ್ರೇನ್ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲವೇ ಅದನ್ನು ಮೊದಲೇ ಒರೆಸಿ ಕಳಿಸುತ್ತಾರೆ. ಹೊಸ ಡಿಜಿಟಲ್ ಸಿನಿಮಾಗೆ ಸ್ಟ್ರೀಮಿಂಗ್ ಸಾಕು. ಟೆಕ್ನಿಸ್ಕೋಪ್‌ಗೆ ಸಾಲದು.

ಬಣ್ಣದ ಜಗಳ

ಈಗ ಆ ಹಳದಿಯ ವಿಷಯ.

ಇಟಲಿಯ ಬೊಲೊನ್ಯಾ ಊರಿನಲ್ಲಿ ‘ಲಿಮಾಜಿನೆ ರಿತ್ರೊವಾತಾ’ ಅಂತ ಒಂದು ಲ್ಯಾಬ್ ಇದೆ. 1992ರಲ್ಲಿ ಶುರುವಾದದ್ದು. ಹಳೆಯ ಸಿನಿಮಾ ರೀಸ್ಟೋರ್ ಮಾಡುವುದರಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರು. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯ ಹೊಸ 4ಕೆ ಸ್ಕ್ಯಾನ್ ಮಾಡಿದವರು ಅವರೇ. 2014ರಲ್ಲಿ ಅದು ಬ್ಲೂ-ರೇಯಲ್ಲಿ ಬಂದಾಗ ಚಿತ್ರದ ವಿವರ ಹಿಂದೆಂದೂ ಕಾಣದಷ್ಟು ಚೆನ್ನಾಗಿತ್ತು. ಬಣ್ಣ ನೋಡಿದರೆ ಮಾತ್ರ ಬಿಳಿ ಧೂಳಿಗೂ ಅರಿಶಿನ ಕಲಸಿದ ಹಾಗಿತ್ತು. ಆಕಾಶದ ನೀಲಿ ಹಸಿರಿನ ಕಡೆ ವಾಲಿತ್ತು. ಅಭಿಮಾನಿಗಳು ಕಿಡಿಕಾರಿದರು. ಮೂರು ವರ್ಷದ ನಂತರ ಅಮೆರಿಕದ ಕಿನೊ ಲಾರ್ಬರ್ ಕಂಪನಿ ಅದೇ ಸ್ಕ್ಯಾನ್ ಇಟ್ಟುಕೊಂಡು, ಹಳದಿ ಇಳಿಸಿ, ಹೊಸ ಬ್ಲೂ-ರೇ ತಂದಿತು. 2021ರಲ್ಲಿ 4ಕೆ ಡಿಸ್ಕ್ ಕೂಡ ಬಂತು.

ಲ್ಯಾಬ್‌ನವರು ಬೇಕಂತಲೇ ಕೆಡಿಸಿದರೇ? ಅಷ್ಟು ಸರಳ ಅಲ್ಲ. 1960ರ ದಶಕದ ಈಸ್ಟ್‌ಮನ್‌ಕಲರ್ ಪ್ರಿಂಟುಗಳು ಮಾಸುತ್ತವೆ. ನೀಲಿ-ಹಸಿರು ಪದರ ಮೊದಲು ಹೋಗುತ್ತದೆ, ಇಡೀ ಪ್ರಿಂಟು ಗುಲಾಬಿಯಾಗುತ್ತದೆ. ಅದನ್ನು ನೋಡಿ ಮೂಲ ಬಣ್ಣ ಹೇಳಲಾಗದು. ನೆಗೆಟಿವ್ ನೋಡಿಯೂ ಹೇಳಲಾಗದು. ನೆಗೆಟಿವ್‌ನಲ್ಲಿ ಇರುವುದು ಕಚ್ಚಾ ಮಾಲು. ಯಾವ ದೃಶ್ಯಕ್ಕೆ ಎಷ್ಟು ಕೆಂಪು, ಎಷ್ಟು ನೀಲಿ ಅಂತ ಪ್ರಿಂಟ್ ಹಾಕುವಾಗ ಛಾಯಾಗ್ರಾಹಕ ಹೇಳುತ್ತಿದ್ದ. ಈ ಚಿತ್ರದ ಛಾಯಾಗ್ರಾಹಕ ತೊನೀನೊ ದೆಲ್ಲಿ ಕೊಲ್ಲಿ 2005ರಲ್ಲೇ ತೀರಿಕೊಂಡರು. ಲಿಯೋನೆ 1989ರಲ್ಲಿ. ಕೇಳಲು ಯಾರೂ ಇಲ್ಲ. ನಂಬಬಹುದಾದ ಸಾಕ್ಷಿ ಅಂದರೆ ಆಗಿನ ಟೆಕ್ನಿಕಲರ್ ಪ್ರಿಂಟುಗಳು ಮಾತ್ರ, ಯಾಕೆಂದರೆ ಆ ಬಣ್ಣ ಮಾಸುವುದಿಲ್ಲ. ಆದರೆ ಆಗಿನ ಪ್ರಿಂಟನ್ನು ಆಗಿನ ಪ್ರೊಜೆಕ್ಟರಿನ ಕಾರ್ಬನ್ ದೀಪದ ಬೆಳಕಿಗೆ ಹೊಂದಿಸಿ ಮಾಡಿರುತ್ತಿದ್ದರು. ಈಗಿನ ದೀಪದಲ್ಲಿ ನೋಡಿದರೆ ಬಣ್ಣ ಬೇರೆ ಥರ ಕಾಣಬಹುದು. ಹಾಗಾಗಿ ಪ್ರಿಂಟ್ ಎದುರಿಗಿದ್ದರೂ ವಾದ ಮುಗಿಯುವುದಿಲ್ಲ.

ನನಗೆ ಅನುಮಾನ ಬರುವುದು ಬೇರೆ ಕಾರಣಕ್ಕೆ. ಅದೇ ಲ್ಯಾಬಿನಿಂದ ಬಂದ, ಬೇರೆ ಬೇರೆ ದೇಶದ, ಬೇರೆ ಬೇರೆ ಛಾಯಾಗ್ರಾಹಕರ ಸಿನಿಮಾಗಳಲ್ಲೂ ಇದೇ ಹಳದಿ ಕಾಣುತ್ತದೆ ಅಂತ ದೂರು ಇದೆ. ಎಲ್ಲರೂ ಒಂದೇ ಬಣ್ಣ ಕೇಳಿದ್ದರೇ?

ಇದನ್ನು ಓದಿ ಆ ಲ್ಯಾಬನ್ನು ಬೈಯುವ ಮುಂಚೆ ಒಂದು ಮಾತು. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) 4ಕೆಯಲ್ಲಿ ರೀಸ್ಟೋರ್ ಆಗಿ 2024ರ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತಲ್ಲ, ಆ ಕೆಲಸ ನಡೆದದ್ದೂ ಬೊಲೊನ್ಯಾದ ಇದೇ ಲ್ಯಾಬಿನಲ್ಲಿ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಅಮೆರಿಕದ ಫಿಲ್ಮ್ ಫೌಂಡೇಷನ್ ಸೇರಿ ಮಾಡಿಸಿದ್ದು. ಕಾಸರವಳ್ಳಿಯವರೂ ಜೊತೆಗಿದ್ದರು. ಕಪ್ಪು ಬಿಳುಪಿನ ಸಿನಿಮಾ ಆದ್ದರಿಂದ ಹಳದಿಯ ಭಯವೂ ಇರಲಿಲ್ಲ!

ಎಷ್ಟು ಉದ್ದ ಇದ್ದರೆ ಸರಿ?

ಡಿಸ್ಕ್ ಕೊಳ್ಳುವವರು ಸಾಮಾನ್ಯವಾಗಿ ಉದ್ದ ಜಾಸ್ತಿ ಇರುವುದೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಕಾಸಿಗೆ ತಕ್ಕ ಕಜ್ಜಾಯ ಅಲ್ವಾ? ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಇಟಲಿಯಲ್ಲಿ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಸುಮಾರು ಮೂರು ಗಂಟೆಯ ಸಿನಿಮಾ. ಅಮೆರಿಕಕ್ಕೆ ಹೋದದ್ದು 161 ನಿಮಿಷದ್ದು (ಡಬ್ಬಿಯ ಮೇಲೆ 162 ಅಂತ ಇರುವುದು ಇದೇ). ಇಂಗ್ಲಿಷ್ ಬಲ್ಲ ಜಗತ್ತು ಮೂವತ್ತೈದು ವರ್ಷ ನೋಡಿ ಮೆಚ್ಚಿದ್ದು ಈ ಚಿಕ್ಕದನ್ನೇ. 2003ರಲ್ಲಿ ಎಂಜಿಎಂ ಕಂಪನಿಯವರು ಇಟಲಿ ರೂಪದಲ್ಲಿದ್ದ ದೃಶ್ಯಗಳನ್ನು ಇಂಗ್ಲಿಷಿಗೂ ಸೇರಿಸಿ 179 ನಿಮಿಷದ ಸಿನಿಮಾ ಕಟ್ಟಿದರು. ಆ ದೃಶ್ಯಗಳಿಗೆ ಇಂಗ್ಲಿಷ್ ಮಾತು ಇರಲಿಲ್ಲ. ಹಾಗಾಗಿ ಮುಖ್ಯ ನಟರಾದ ಕ್ಲಿಂಟ್ ಈಸ್ಟ್‌ವುಡ್ ಮತ್ತು ಈಲೈ ವಾಲಕ್ ಇಬ್ಬರನ್ನೂ ಮತ್ತೆ ಸ್ಟುಡಿಯೊಗೆ ಕರೆತಂದು ಡಬ್ ಮಾಡಿಸಿದರು. ಈಸ್ಟ್‌ವುಡ್‌ಗೆ ಆಗ ಎಪ್ಪತ್ತು ದಾಟಿತ್ತು, ವಾಲಕ್‌ಗೆ ಎಂಬತ್ತೈದು ದಾಟಿತ್ತು. ಲೀ ವಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರ ಪಾತ್ರಕ್ಕೆ ಬೇರೆಯವರ ದನಿ. ಮೂವತ್ತಾರರ ಮುಖ ಬಾಯಿ ತೆರೆದರೆ ಎಪ್ಪತ್ತರ ಕಂಠ ಕೇಳುತ್ತದೆ. ಒಮ್ಮೆ ಗಮನಕ್ಕೆ ಬಂದರೆ ಮತ್ತೆ ಮರೆಯಲಾಗುವುದಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಗುಹೆಯ ದೃಶ್ಯದ್ದು. ಟೂಕೊ (ವಾಲಕ್ ಮಾಡಿದ ಪಾತ್ರ) ತನ್ನ ಹಳೆಯ ಗೆಳೆಯರನ್ನು ಹುಡುಕಿಕೊಂಡು ಹೋಗುವ ಆ ದೃಶ್ಯವನ್ನು ಇಟಲಿಯಲ್ಲಿ ಮೊದಲ ಪ್ರದರ್ಶನ ಆದಮೇಲೆ ಲಿಯೋನೆಯೇ ತೆಗೆದಿದ್ದರು. ನಿರ್ದೇಶಕ ಬೇಡ ಅಂದದ್ದನ್ನು ಅವರು ಸತ್ತಮೇಲೆ ಸೇರಿಸಿ ರೀಸ್ಟೋರ್ಡ್ ಅಂತ ಕರೆಯಬಹುದೇ? ನಾನಂತೂ ಮೊದಲ ಸಲ ನೋಡುವವರಿಗೆ 162 ನಿಮಿಷದ್ದನ್ನೇ ಕೊಡುತ್ತೇನೆ. ಕಿನೊ ಲಾರ್ಬರ್‌ನ ಡಿಸ್ಕ್‌ನಲ್ಲಿ ಅದು ಸಿಗುತ್ತದೆ. ಉದ್ದದ್ದು ಆಮೇಲೆ, ಕುತೂಹಲಕ್ಕೆ.

ಕೆಲವು ಸೇರ್ಪಡೆಗಳಂತೂ ತಮಾಷೆ. ಲಿಯೋನೆಯ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ 1970ರ ದಶಕದಲ್ಲಿ ಅಮೆರಿಕದ ಟಿವಿಗೆ ಬಂದಾಗ, ನಾಯಕ ಕಾರಣವೇ ಇಲ್ಲದೆ ಜನರನ್ನು ಕೊಲ್ಲುತ್ತಾನೆ ಅನ್ನುವ ಚಿಂತೆ ಚಾನೆಲ್‌ನವರಿಗೆ. ಅದಕ್ಕೆ ಒಂದು ಮುನ್ನುಡಿ ದೃಶ್ಯವನ್ನೇ ಹೊಸದಾಗಿ ತೆಗೆಸಿದರು. ಅದರಲ್ಲಿ ಹ್ಯಾರಿ ಡೀನ್ ಸ್ಟಾಂಟನ್ ಎಂಬ ನಟ ಜೈಲಿನ ಅಧಿಕಾರಿಯಾಗಿ, ಊರಿನ ದುಷ್ಟರನ್ನು ತೊಲಗಿಸಿ ಬಾ ಅಂತ ನಾಯಕನಿಗೆ ಹೇಳಿ ಕಳಿಸುತ್ತಾರೆ. ನಾಯಕನಾಗಿ ನಿಂತವರು ಟೋಪಿ ತಗ್ಗಿಸಿಕೊಂಡ ಇನ್ಯಾರೋ. ಡಿಸ್ಕ್‌ಗಳಲ್ಲಿ ಇದನ್ನು ಬೇರೆಯಾಗಿ, ಎಕ್ಸ್ಟ್ರಾ ಭಾಗದಲ್ಲಿ ಇಟ್ಟಿದ್ದಾರೆ. ಸದ್ಯ!

ಇನ್ನೊಂದು ಗುಂಡಿ ಇದೆ, ಹಳೆಯ ಯುರೋಪಿಯನ್ ಡಿವಿಡಿ ಕೊಳ್ಳುವವರು ಬೀಳುವುದು. ಅಲ್ಲಿನ ಟಿವಿ ಸೆಕೆಂಡಿಗೆ 25 ಫ್ರೇಮ್ ತೋರಿಸುತ್ತಿತ್ತು. ಸಿನಿಮಾ 24. ಹೊಂದಿಸಲು ಇಡೀ ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸುತ್ತಿದ್ದರು. ಆಗ 161 ನಿಮಿಷದ್ದು 155ಕ್ಕೇ ಮುಗಿಯುತ್ತದೆ. ಯಾವ ದೃಶ್ಯವೂ ಹೋಗಿರುವುದಿಲ್ಲ. ಆದರೆ ಎನ್ನಿಯೊ ಮೊರಿಕೋನೆಯ ಸಂಗೀತದ ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಏರಿರುತ್ತದೆ. ಸಂಗೀತದ ಕಿವಿ ಇರುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಯಾವ ಭಾಷೆಯಲ್ಲಿ ಕೇಳಬೇಕು?

‘ಮೂಲ ಭಾಷೆಯಲ್ಲೇ ನೋಡಬೇಕು’ ಅನ್ನುವ ನಿಯಮ ಇಲ್ಲಿ ಕೈಕೊಡುತ್ತದೆ. ಆಗಿನ ಇಟಲಿಯಲ್ಲಿ ಶೂಟಿಂಗ್ ಜಾಗದ ಸೌಂಡನ್ನು ಸಿನಿಮಾಗೆ ಬಳಸುತ್ತಲೇ ಇರಲಿಲ್ಲ. ಈಸ್ಟ್‌ವುಡ್ ಇಂಗ್ಲಿಷಿನಲ್ಲಿ ಮಾತಾಡಿದರೆ ಎದುರಿನವರು ಇಟಾಲಿಯನ್‌ನಲ್ಲೋ ಸ್ಪ್ಯಾನಿಷ್‌ನಲ್ಲೋ ಉತ್ತರ ಕೊಡುತ್ತಿದ್ದರು. ಆಮೇಲೆ ಎಲ್ಲವನ್ನೂ ಸ್ಟುಡಿಯೊದಲ್ಲಿ ಡಬ್ ಮಾಡುತ್ತಿದ್ದರು. ಇಟಾಲಿಯನ್ ಟ್ರ್ಯಾಕ್‌ನಲ್ಲಿ ಈಸ್ಟ್‌ವುಡ್‌ಗೆ ದನಿ ಕೊಟ್ಟವರು ಎನ್ರಿಕೊ ಮರಿಯಾ ಸಲೆರ್ನೊ ಎಂಬ ನಟ. ಶೂಟಿಂಗ್ ಮುಗಿದ ಮೇಲೆ ಡಬ್ಬಿಂಗ್ ಥಿಯೇಟರಿಗೆ ಹೋಗುವುದು ನಮ್ಮ ಕನ್ನಡ ಸಿನಿಮಾದವರಿಗೂ ಗೊತ್ತಿರುವ ದಾರಿಯೇ. ತುಟಿಗೂ ಮಾತಿಗೂ ತಾಳ ತಪ್ಪಿದರೆ ನಾವು ಅಷ್ಟು ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಲೆಕ್ಕ ಇಷ್ಟೇ. ಮುಖ್ಯ ನಟ ತನ್ನ ದನಿಯಲ್ಲೇ ಇಂಗ್ಲಿಷ್ ಡಬ್ ಮಾಡಿದ್ದರೆ ಇಂಗ್ಲಿಷ್. ಲಿಯೋನೆಯ ಚಿತ್ರಗಳು ಬಹುಪಾಲು ಹಾಗೆ. ‘ಜಾಂಗೊ’ದಲ್ಲಿ ಫ್ರಾಂಕೊ ನೀರೊಗೆ ಇಂಗ್ಲಿಷಿನಲ್ಲಿ ಬೇರೆಯವರ ದನಿ ಇದೆ, ಅದಕ್ಕೆ ನಾನು ಇಟಾಲಿಯನ್ ಹಾಕಿ ಸಬ್‌ಟೈಟಲ್ ಓದುತ್ತೇನೆ. ಸೆರ್ಜಿಯೋ ಸೊಲ್ಲಿಮಾ ಅವರ ‘ದಿ ಬಿಗ್ ಗನ್‌ಡೌನ್’ ಥರದವು ಸ್ವಲ್ಪ ಫಜೀತಿ. ಇಂಗ್ಲಿಷ್ ರೂಪ ಚಿಕ್ಕದು, ಇಟಾಲಿಯನ್ ರೂಪ ಉದ್ದ. ಇಂಗ್ಲಿಷಿಗೆ ಬಾರದೇ ಹೋದ ದೃಶ್ಯಗಳಿಗೆ ಇಂಗ್ಲಿಷ್ ಮಾತೇ ಇಲ್ಲ. ಇಂಥ ಉದ್ದದ ಚಿತ್ರವನ್ನು ಇಂಗ್ಲಿಷ್ ಟ್ರ್ಯಾಕ್‌ನಲ್ಲಿ ನೋಡಿದರೆ ನಡುನಡುವೆ ಇದ್ದಕ್ಕಿದ್ದಂತೆ ಇಟಾಲಿಯನ್ ಬರುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ಭಾಷೆ ಯಾವುದೇ ಇರಲಿ, ಮೆನುವಿನಲ್ಲಿ ‘ಮೋನೊ’, ಅಂದರೆ ಎಲ್ಲ ಸದ್ದೂ ಒಂದೇ ಟ್ರ್ಯಾಕ್‌ನಲ್ಲಿ ಇರುವುದು, ಅಂತ ಇದ್ದರೆ ಅದನ್ನೇ ಆರಿಸಿ. ಐದು ಸ್ಪೀಕರಿಗೆ ಹಂಚಿದ ಹೊಸ ಟ್ರ್ಯಾಕ್‌ಗಳಲ್ಲಿ ಹಲವು ಸಲ ಗುಂಡಿನ ಸದ್ದನ್ನೇ ಬದಲಿಸಿರುತ್ತಾರೆ. 2003ರಲ್ಲಿ ಆದದ್ದೂ ಅದೇ. ಸ್ಪಾಗೆಟಿ ವೆಸ್ಟರ್ನ್‌ನ ಗುಂಡು ನಿಜವಾದ ಗುಂಡಿನ ಹಾಗೆ ಕೇಳುವುದಿಲ್ಲ. ಅದು ಫಿರಂಗಿಯ ಥರ ಸಿಡಿದು, ಸೀಟಿ ಹೊಡೆಯುತ್ತಾ ಎಲ್ಲೋ ಹಾರಿಹೋಗುತ್ತದೆ. ಅದರ ಮಜಾ ಇರುವುದೇ ಅಲ್ಲಿ.

ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ (1968) ಚಿತ್ರದ ಶುರುವನ್ನು ಮೋನೊದಲ್ಲಿ ಒಮ್ಮೆ ಕೇಳಿ. ಮೂವರು ರೈಲಿಗೆ ಕಾಯುತ್ತಿದ್ದಾರೆ, ಹತ್ತು ನಿಮಿಷದ ಆಸುಪಾಸು. ಹಿನ್ನೆಲೆ ಸಂಗೀತ ಇಲ್ಲ. ಗಾಳಿಯಂತ್ರದ ಕಿರ್ ಅನ್ನುವ ಸದ್ದು. ಟೋಪಿಯ ಮೇಲೆ ಬೀಳುವ ನೀರ ಹನಿ. ಒಬ್ಬನ ಗಡ್ಡದ ಮೇಲೆ ಕೂತು ಎದ್ದು ಹಾರುವ ನೊಣ. ಈ ಸದ್ದುಗಳೆಲ್ಲ ಒಂದೇ ಕಡೆಯಿಂದ, ಒಂದರ ಮೇಲೊಂದು ಬಂದಾಗಲೇ ಉಸಿರು ಕಟ್ಟುವುದು. ನೊಣವನ್ನು ನಮ್ಮ ಸೋಫಾದ ಹಿಂದೆ ಹಾರಿಸಿದರೆ ನಾವು ಸಿನಿಮಾ ಬಿಟ್ಟು ಸ್ಪೀಕರ್ ನೋಡುತ್ತೇವೆ.

ಕೊಳ್ಳುವ ಮುಂಚೆ, ಹಾಕುವ ಮುಂಚೆ

ಬ್ಲೂ-ರೇಗೆ ರೀಜನ್ ಕೋಡ್ ಇದೆ, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಬೀಗ. ಅಮೆರಿಕ, ಜಪಾನ್ ಎ. ಯುರೋಪ್ ಬಿ. ಭಾರತ ಸಿ. ಒಳ್ಳೆಯ ಸ್ಪಾಗೆಟಿ ವೆಸ್ಟರ್ನ್ ಡಿಸ್ಕ್‌ಗಳು ಬರುವುದು ಬಹುಪಾಲು ಅಮೆರಿಕದ ಕಿನೊ ಲಾರ್ಬರ್, ಬ್ರಿಟನ್ನಿನ ಆರೋ ವಿಡಿಯೊ, ಯುರೇಕಾ, ರೇಡಿಯನ್ಸ್ ಥರದ ಸಣ್ಣ ಕಂಪನಿಗಳಿಂದ. ಅಲ್ಲಿರುವ ಅಣ್ಣನೋ ಅಕ್ಕನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಡಿಸ್ಕ್ ಬೆಂಗಳೂರಿನಲ್ಲಿ ಕೊಂಡ ಪ್ಲೇಯರಿನಲ್ಲಿ ಓಡದೇ ಹೋಗುವ ಸಾಧ್ಯತೆ ಸಾಕಷ್ಟಿದೆ. 4ಕೆ ಡಿಸ್ಕ್‌ಗೆ ಈ ತಲೆನೋವಿಲ್ಲ. ಅದಕ್ಕೆ ರೀಜನ್ ಕೋಡೇ ಇಲ್ಲ. ಆದರೆ ಅದೇ ಡಬ್ಬಿಯಲ್ಲಿ ಜೊತೆಗೆ ಬರುವ ಮಾಮೂಲಿ ಬ್ಲೂ-ರೇಗೆ ಇರಬಹುದು, ಎಕ್ಸ್ಟ್ರಾಗಳು ಅದರಲ್ಲೇ ಇರುತ್ತವೆ. ಬೇರೆ ಪ್ಲೇಯರ್ ಕೊಳ್ಳಲು ಮನಸ್ಸಿಲ್ಲದಿದ್ದರೆ, ಡಿಸ್ಕ್ ಹಾಕುವ ಜಾಗ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮನೆಯಲ್ಲಿ ಇದ್ದರೂ 4ಕೆ ಡಿಸ್ಕ್ ಓಡುತ್ತದೆ.

ಟಿವಿಯಲ್ಲಿ ಎರಡು ಕೆಲಸ ಮಾಡಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಕಂಪನಿಗೊಂದು ಹೆಸರು. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ 1966ರ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಶಾರ್ಪ್‌ನೆಸ್ ಅನ್ನು ಸೊನ್ನೆಗೋ ಅದರ ಹತ್ತಿರಕ್ಕೋ ಇಳಿಸಿ, ಯಾಕೆಂದರೆ ಅದು ಗ್ರೇನನ್ನು ಕೆದಕಿ ಮುಳ್ಳಾಗಿಸುತ್ತದೆ. ‘ಫಿಲ್ಮ್‌ಮೇಕರ್ ಮೋಡ್’ ಇರುವ ಟಿವಿಯಾದರೆ ಅದೊಂದನ್ನು ಒತ್ತಿದರೆ ಎರಡೂ ಆಗುತ್ತದೆ.

ಎಲ್ಲಿಂದ ಶುರು ಮಾಡಬೇಕು ಅಂದರೆ ಎಲ್ಲರೂ ಲಿಯೋನೆ ಹೆಸರೇ ಹೇಳುತ್ತಾರೆ. ತಪ್ಪೇನಿಲ್ಲ. ಆದರೆ ರೀಸ್ಟೋರೇಷನ್‌ನಿಂದ ನಿಜವಾಗಿ ಮರುಜನ್ಮ ಸಿಕ್ಕಿದ್ದು ಕೊರ್ಬುಚಿಯ ‘ದಿ ಗ್ರೇಟ್ ಸೈಲೆನ್ಸ್’ಗೆ (1968). ಇದರಲ್ಲಿ ಧೂಳಿಲ್ಲ, ಮರುಭೂಮಿ ಇಲ್ಲ. ಇಟಲಿಯ ಡೊಲೊಮೈಟ್ ಬೆಟ್ಟಗಳ ಹಿಮ. ಮಾತೇ ಆಡದ ನಾಯಕನಾಗಿ ಜಾನ್-ಲೂಯಿ ತ್ರಂತಿನ್ಯಾ, ತಣ್ಣಗೆ ನಗುವ ಖಳನಾಗಿ ಕ್ಲೌಸ್ ಕಿನ್‌ಸ್ಕಿ. ಹಳೆಯ ಕಾಪಿಗಳಲ್ಲಿ ಆ ಹಿಮ ಬೂದು ಬಣ್ಣದ ಕೆಸರಿನಂತಿತ್ತು. 2018ರಲ್ಲಿ ಅಮೆರಿಕದಲ್ಲಿ ಬಂದ ರೀಸ್ಟೋರ್ಡ್ ಬ್ಲೂ-ರೇ, ಆಮೇಲೆ ಯುರೇಕಾದವರು ಬ್ರಿಟನ್ನಿನಲ್ಲಿ ತಂದದ್ದು, ಎರಡರಲ್ಲೂ ಹಿಮ ಹಿಮವಾಗಿದೆ. ಕ್ಲೈಮ್ಯಾಕ್ಸ್ ಏನು ಅಂತ ಎಲ್ಲೂ ಓದದೆ ನೋಡಿ. ಕೆಲವು ದೇಶಗಳಿಗಾಗಿ ತೆಗೆದ ಸುಖಾಂತ್ಯವೊಂದು ಎಕ್ಸ್ಟ್ರಾ ಭಾಗದಲ್ಲಿದೆ. ಅದನ್ನು ಮಾರನೇ ದಿನಕ್ಕೆ ಇಟ್ಟುಕೊಳ್ಳಿ.